ಹಂಪಿಯ ಆನೆ, ಸಂಡೂರಿನ ಕಾಡು, 31 ಸಂಸದರು

[ದೃಶ್ಯ: ಕಂಪ್ಲಿ ಸೇತುವೆ, ಕೆಳಗೆ ಬಂಡೆಗಳ ನಡುವೆ ತುಂಗಭದ್ರೆ]

ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರ್ ಉದ್ದದ ಈ ನದಿಪಾತ್ರ ನೀರುನಾಯಿಗಳಿಗಾಗಿ ಕಾಯ್ದಿರಿಸಿದ ಜಾಗ. ರಾಜ್ಯ ಸರ್ಕಾರ 2015ರಲ್ಲಿ ಇದನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಹಾಗೆ ಘೋಷಿಸಲು ಸಾಧ್ಯವಾದದ್ದೇ 2002ರಲ್ಲಿ ಸಂಸತ್ತು ವನ್ಯಜೀವಿ ಕಾಯ್ದೆಗೆ ತಂದ ತಿದ್ದುಪಡಿಯಿಂದ. ಈ ಸಂಗತಿ ಹೇಳಿದ ಮೇಲೆ ಕೊಪ್ಪಳದ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದರು: “ಸರ್, ಇಂಥ ಕಾನೂನುಗಳನ್ನು ಪಾಸು ಮಾಡುವ ಮೊದಲು ದೆಹಲಿಯಲ್ಲಿ ಯಾರಾದರೂ ಪೂರ್ತಿ ಓದುತ್ತಾರೆಯೇ?”

ಓದುತ್ತಾರೆ. ಆದರೆ ನೀವು ಟಿವಿಯಲ್ಲಿ ನೋಡುವ ಆ ದೊಡ್ಡ ಸಭಾಂಗಣದಲ್ಲಲ್ಲ.

ಗಂಗಾವತಿಯವರಿಗೆ ಮಸೂರಿ ಅಕ್ಕಿಯ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಮಸೂದೆಯ ಬಗ್ಗೆ ಮಾತ್ರ ಒಂದು ನಿಮಿಷ ಕೊಡಿ. ಮಂತ್ರಿಗಳು ಮಸೂದೆ ಮಂಡಿಸುತ್ತಾರೆ, ಚರ್ಚೆ ನಡೆಯುತ್ತದೆ, ಎರಡೂ ಸದನಗಳು ಒಪ್ಪಬೇಕು, ರಾಷ್ಟ್ರಪತಿಗಳ ಅಂಕಿತ ಬೀಳಬೇಕು. ಇಷ್ಟನ್ನು ಶಾಲೆಯಲ್ಲಿ ಓದಿದ್ದೀರಿ. ಶಾಲೆಯಲ್ಲಿ ಹೇಳದ ಭಾಗವೆಂದರೆ ಸಮಿತಿ. ಕಲ್ಲು, ಹೊಟ್ಟು, ನುಚ್ಚು ಬೇರ್ಪಡಿಸುವ ಮೊರ ಇರುವುದು ಅಲ್ಲಿ. ಸದನದಲ್ಲಿ ನಡೆಯುವುದು ಚೀಲದ ಬಾಯಿ ಹೊಲಿಯುವ ಕೆಲಸ.

ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯಿ ಸಮಿತಿಗಳು 1993ರಿಂದ ಇವೆ. ಈಗ ಅವು 24. ಪ್ರತಿಯೊಂದರಲ್ಲೂ 31 ಸದಸ್ಯರು: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಬಾಗಿಲು ಮುಚ್ಚಿಕೊಂಡು ಕುಳಿತುಕೊಳ್ಳುತ್ತಾರೆ, ಕ್ಯಾಮೆರಾ ಇರುವುದಿಲ್ಲ. ಕ್ಯಾಮೆರಾ ಇಲ್ಲದ ಕಡೆ ನಮ್ಮ ಸಂಸದರು ಎಷ್ಟು ಶಾಂತವಾಗಿ ಮಾತನಾಡುತ್ತಾರೆಂದು ಅಲ್ಲಿಗೆ ಹೋಗಿ ಬಂದವರು ಹೇಳುತ್ತಾರೆ. ಸಚಿವಾಲಯದ ಅಧಿಕಾರಿಗಳನ್ನು ಕೂರಿಸಿಕೊಂಡು ಪ್ರತಿ ಕಲಮಿಗೂ ಏಕೆ, ಏನು ಎಂದು ಕೇಳುತ್ತಾರೆ. ತಜ್ಞರನ್ನು ಕರೆಸುತ್ತಾರೆ. ಸಾರ್ವಜನಿಕರ ಲಿಖಿತ ಅಭಿಪ್ರಾಯ ತರಿಸಿಕೊಳ್ಳುತ್ತಾರೆ. ಆಮೇಲೆ ವರದಿ. ಒಪ್ಪದ ಸದಸ್ಯರು ಭಿನ್ನಮತದ ಟಿಪ್ಪಣಿ ಬರೆಯಬಹುದು. ಸರ್ಕಾರ ವರದಿಯನ್ನು ಒಪ್ಪಲೇಬೇಕೆಂಬ ನಿಯಮವಿಲ್ಲ.

ಇನ್ನೊಂದು ತೊಂದರೆಯೂ ಇದೆ. ಎಲ್ಲ ಮಸೂದೆಗಳೂ ಸಮಿತಿಗೆ ಹೋಗಲೇಬೇಕೆಂದೇನಿಲ್ಲ. 15ನೇ ಲೋಕಸಭೆಯಲ್ಲಿ (2009–14) ಶೇ 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು. 17ನೇ ಲೋಕಸಭೆಯಲ್ಲಿ (2019–24) ಶೇ 16ರಷ್ಟು.

ಹೀಗಿದ್ದರೂ ಪರಿಸರದ ಮೂರು ದೊಡ್ಡ ಮಸೂದೆಗಳು ಆ ಅವಧಿಯಲ್ಲಿ ಸಮಿತಿಯ ಮೆಟ್ಟಿಲು ಹತ್ತಿದವು. ಮೂರಕ್ಕೂ ಮೂರು ಗತಿ. ನನ್ನ ಪ್ರಕಾರ ಮಸೂದೆಯ ಹಣೆಬರಹ ತೀರ್ಮಾನವಾಗುವುದು ಸದನದ ಭಾಷಣಗಳಲ್ಲಲ್ಲ, ಅದು ಯಾವ ಸಮಿತಿಯ ಕೈಗೆ ಹೋಯಿತು ಎಂಬುದರಲ್ಲಿ.

[ದೃಶ್ಯ: ವಿರೂಪಾಕ್ಷ ದೇವಸ್ಥಾನದ ಅಂಗಳ, ಆನೆ ಲಕ್ಷ್ಮಿ]

ಮೊದಲನೆಯದು 2021ರ ವನ್ಯಜೀವಿ ಸಂರಕ್ಷಣಾ ತಿದ್ದುಪಡಿ ಮಸೂದೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇದರೊಳಗೆ ಒಂದು ಆನೆ ಇದೆ.

ಹಂಪಿಗೆ ಹೋದವರೆಲ್ಲ ಲಕ್ಷ್ಮಿಯನ್ನು ನೋಡಿರುತ್ತೀರಿ. ಬೆಳಿಗ್ಗೆ ಹೊಳೆಯಲ್ಲಿ ಸ್ನಾನ, ಆಮೇಲೆ ದೇವಸ್ಥಾನ. ನೀವು ನೋಟು ಚಾಚಿದರೆ ಸೊಂಡಿಲ ತುದಿಯಲ್ಲಿ ಹಿಡಿದು ಮಾವುತನಿಗೆ ದಾಟಿಸಿ, ನಿಮ್ಮ ತಲೆಯ ಮೇಲೆ ಮೆತ್ತಗೆ ಸೊಂಡಿಲು ಇಡುತ್ತದೆ. ಕಾನೂನಿನ ಕಣ್ಣಿಗೆ ಇಂಥ ಆನೆಗಳೂ ವನ್ಯಜೀವಿಗಳೇ. ಸಾಕಿದವರ ಬಳಿ ಮಾಲೀಕತ್ವದ ಪ್ರಮಾಣಪತ್ರ ಇರಬೇಕು. ಪ್ರಮಾಣಪತ್ರ ಇದ್ದರೂ ಮಾರುವಂತಿಲ್ಲ, ವ್ಯಾಪಾರದ ವಾಸನೆ ಇರುವ ಯಾವ ಹಸ್ತಾಂತರವೂ ಕೂಡದು ಎನ್ನುತ್ತದೆ ಕಾಯ್ದೆಯ 43ನೇ ಕಲಂ.

ಈಗ ಮಸೂದೆಗೆ ಬನ್ನಿ. 2021ರ ಡಿಸೆಂಬರ್‌ನಲ್ಲಿ ಮಂಡಿಸಿದ ಪ್ರತಿಯಲ್ಲಿ ಒಂದು ಸಣ್ಣ ವಿನಾಯಿತಿ ಸೇರಿಕೊಂಡಿತ್ತು: ಪ್ರಮಾಣಪತ್ರವಿರುವ ವ್ಯಕ್ತಿ ರಾಜ್ಯ ಸರ್ಕಾರದ ಪೂರ್ವಾನುಮತಿ ಪಡೆದು ಜೀವಂತ ಆನೆಯನ್ನು ಹಸ್ತಾಂತರಿಸಿದರೆ ಅಥವಾ ಸಾಗಿಸಿದರೆ ಈ ಕಲಂ ಅನ್ವಯಿಸುವುದಿಲ್ಲ. ಓದಲು ಎಷ್ಟು ಸೌಮ್ಯವಾಗಿದೆ ನೋಡಿ. ಆದರೆ ಮಾರಾಟ ಬೇಡ ಎಂದಿದ್ದ ಕಲಮೇ ಆನೆಗೆ ಅನ್ವಯಿಸದಿದ್ದರೆ, ಮಾರಾಟವನ್ನು ತಡೆಯುವುದು ಏನು? ದುಡ್ಡಿರುವವನಿಗೆ ಅನುಮತಿ ಪತ್ರವೊಂದನ್ನು ಗಿಟ್ಟಿಸಿಕೊಳ್ಳುವುದು ಎಷ್ಟರ ಕೆಲಸ? ಈ ಕಡೆ ಗಣಿ ದೂಳು ಕುಡಿದು ಬೆಳೆದ ನಮಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಮಸೂದೆ ಹೋದದ್ದು ವಿಜ್ಞಾನ, ತಂತ್ರಜ್ಞಾನ, ಪರಿಸರ ಮತ್ತು ಅರಣ್ಯದ ಸ್ಥಾಯಿ ಸಮಿತಿಗೆ. ಆಗ ಅದರ ಅಧ್ಯಕ್ಷರು ಕಾಂಗ್ರೆಸ್‌ನ ಜೈರಾಮ್ ರಮೇಶ್. ಹಿಂದೆ ಪರಿಸರ ಇಲಾಖೆಯ ಮಂತ್ರಿಯಾಗಿದ್ದವರು. ಅಧಿಕಾರಿಗಳ ಪಾಲಿಗೆ ಇದಕ್ಕಿಂತ ಸಂಕಟದ ಪರೀಕ್ಷಕ ಇನ್ನೊಬ್ಬರಿರಲಾರರು. 2022ರ ಏಪ್ರಿಲ್‌ನಲ್ಲಿ ಬಂದ ವರದಿ ಪರಂಪರೆ ಮತ್ತು ಸಂರಕ್ಷಣೆ ಎರಡನ್ನೂ ತೂಗಿ ನೋಡಬೇಕು ಎಂದಿತು. ಅಷ್ಟೇ ಅಲ್ಲ, ಪ್ರಾಣಿ, ಪಕ್ಷಿ, ಗಿಡಗಳ ಪಟ್ಟಿಗಳನ್ನೂ ಸಮಿತಿ ಜಾಲಾಡಿತು. ಆರು ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸುವ ಭರಾಟೆಯಲ್ಲಿ ಕೆಲವು ಜೀವಿಗಳು ತಪ್ಪು ಪಟ್ಟಿಯಲ್ಲಿದ್ದವು, ಕೆಲವು ಎಲ್ಲೂ ಇರಲಿಲ್ಲ. ಪಟ್ಟಿಯಿಂದ ಬಿಟ್ಟುಹೋದ ಪ್ರಾಣಿಗೆ ಕಾನೂನಿನ ರಕ್ಷಣೆಯೂ ಇಲ್ಲ. ಸದನದ ಗದ್ದಲದಲ್ಲಿ ಇದನ್ನು ಯಾರು ಹುಡುಕುತ್ತಿದ್ದರು?

ಆನೆಯ ಕಥೆ ಮುಗಿದಿಲ್ಲ. ಕೊನೆಗೆ 2022ರ ಡಿಸೆಂಬರ್‌ನಲ್ಲಿ ರಾಜ್ಯಸಭೆಯೂ ಒಪ್ಪಿದ ಪಠ್ಯದ ಪ್ರಕಾರ, ಧಾರ್ಮಿಕ ಅಥವಾ ಬೇರೆ ಯಾವುದೇ ಉದ್ದೇಶಕ್ಕಾಗಿ ಆನೆಯನ್ನು ಹಸ್ತಾಂತರಿಸುವುದಾದರೆ, ಸಾಗಿಸುವುದಾದರೆ ಅದು ಕೇಂದ್ರ ಸರ್ಕಾರ ವಿಧಿಸುವ ಷರತ್ತುಗಳಿಗೆ ಒಳಪಟ್ಟಿರುತ್ತದೆ. ದೇವಸ್ಥಾನಗಳಿಗೆ ನೆಮ್ಮದಿ ಸಿಕ್ಕಿತು. ವನ್ಯಜೀವಿ ಕಾರ್ಯಕರ್ತರು ಮಾತ್ರ, ಬೇರೆ ಉದ್ದೇಶ ಎಂದರೆ ಯಾವುದು ಸ್ವಾಮಿ ಎಂದು ಕೇಳುತ್ತಲೇ ಇದ್ದಾರೆ. ಷರತ್ತುಗಳು ಬಂದದ್ದು 2024ರ ಮಾರ್ಚ್‌ನಲ್ಲಿ: ಮಾಲೀಕನಿಗೆ ಸಾಕಲು ಆಗದಿದ್ದರೆ, ಬೇರೆಡೆ ಆನೆಗೆ ಇನ್ನೂ ಉತ್ತಮ ಆರೈಕೆ ಸಿಗುವುದಾದರೆ ಹಸ್ತಾಂತರ ಮಾಡಬಹುದು, ಆನೆಯ ಆನುವಂಶಿಕ ವಿವರ ಸರ್ಕಾರದ ದಾಖಲೆಯಲ್ಲಿ ಇರಬೇಕು. ಆಧಾರ್ ಕಾರ್ಡ್ ಕೊಡುವುದೊಂದು ಬಾಕಿ.

[ಸಂಪಾದಕರು ಗಡಿಯಾರ ತೋರಿಸುತ್ತಿದ್ದಾರೆ]

ಆನೆ ಸಮಯವನ್ನೆಲ್ಲ ತಿಂದಿತು. ಉಳಿದ ಎರಡನ್ನು ಬೇಗ ಹೇಳುತ್ತೇನೆ.

ಎರಡನೆಯದು ಜೀವವೈವಿಧ್ಯ ತಿದ್ದುಪಡಿ ಮಸೂದೆ. ಇದು ಸ್ಥಾಯಿ ಸಮಿತಿಗೆ ಹೋಗದೆ ಜಂಟಿ ಸಮಿತಿಗೆ, ಅಂದರೆ ಆ ಒಂದು ಮಸೂದೆಗಾಗಿಯೇ ಎರಡೂ ಸದನಗಳಿಂದ ರಚಿಸಿದ ಸಮಿತಿಗೆ, ಹೋಯಿತು; ಅಧ್ಯಕ್ಷರು ಬಿಜೆಪಿ ಸಂಸದ ಸಂಜಯ್ ಜೈಸ್ವಾಲ್. ಕೆಲವು ಕಲಮುಗಳು ಬದಲಾದವು, ತಿರುಳು ಉಳಿಯಿತು. ಹಳೆಯ ಕಾಯ್ದೆಯಲ್ಲಿ ಐದು ವರ್ಷದವರೆಗೆ ಜೈಲು ಇತ್ತು. ಈಗ ಜೈಲಿಲ್ಲ, 1 ಲಕ್ಷದಿಂದ 50 ಲಕ್ಷ ರೂಪಾಯಿವರೆಗೆ ದಂಡ. ಆಯುಷ್ ವೈದ್ಯರಿಗೆ, ಬೆಳೆಸಿದ ಔಷಧಿ ಗಿಡಗಳಿಗೆ ವಿನಾಯಿತಿ. ಗಿಡ ಹೊಲದಲ್ಲಿ ಬೆಳೆದದ್ದೋ ಸಂಡೂರಿನ ಗುಡ್ಡದಿಂದ ಕಿತ್ತದ್ದೋ ಎಂದು ಪ್ರಮಾಣಪತ್ರ ಕೊಡಬೇಕಾದದ್ದು ಪಂಚಾಯಿತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿ. ನಿಮ್ಮ ಊರಿನ ಪಂಚಾಯಿತಿಯಲ್ಲಿ ಆ ಸಮಿತಿಯ ಸದಸ್ಯರು ಯಾರೆಂದು ಒಮ್ಮೆ ಕೇಳಿ ನೋಡಿ.

ಮೂರನೆಯದು ನಮ್ಮ ಜಿಲ್ಲೆಗೆ ನೇರವಾಗಿ ತಾಕುವುದು: 2023ರ ಅರಣ್ಯ ಸಂರಕ್ಷಣಾ ತಿದ್ದುಪಡಿ. ಸರ್ಕಾರಿ ದಾಖಲೆಯಲ್ಲಿ ಏನೇ ಇರಲಿ, ಅರಣ್ಯ ಎಂಬ ಮಾತಿನ ಸಾಮಾನ್ಯ ಅರ್ಥಕ್ಕೆ ಹೊಂದುವ ಜಾಗವೂ ಅರಣ್ಯವೇ ಎಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತ್ತು. ತಿದ್ದುಪಡಿ ಅದನ್ನು ಕಿರಿದು ಮಾಡಿತು: ಅಧಿಸೂಚನೆಯಾಗಿರಬೇಕು, ಇಲ್ಲವೇ 1980ರ ಅಕ್ಟೋಬರ್ 25ರಿಂದೀಚೆಗೆ ದಾಖಲೆಯಲ್ಲಿ ಇರಬೇಕು. ಅಧಿಸೂಚನೆಯಾಗದಿದ್ದರೂ ಅರಣ್ಯವೆಂದೇ ಪರಿಗಣಿಸುವ, ಪರಿಭಾವಿತ (ಡೀಮ್ಡ್) ಅರಣ್ಯ ಎಂದು ನಾವು ಕರೆಯುವ ಜಾಗಗಳ ಕಥೆ ಏನು? ಇದೂ ಜಂಟಿ ಸಮಿತಿಗೇ ಹೋಯಿತು; ಅಲ್ಲಿಗೆ ರಾಶಿ ರಾಶಿ ಆಕ್ಷೇಪಣೆಗಳು ಬಂದವು, ವಿರೋಧ ಪಕ್ಷದ ಸದಸ್ಯರು ಭಿನ್ನಮತ ಬರೆದರು. 2023ರ ಜುಲೈ 20ರಂದು ಬಂದ ವರದಿ ಮಸೂದೆಯಲ್ಲಿ ಒಂದು ಅಲ್ಪವಿರಾಮವನ್ನೂ ಬದಲಿಸಲಿಲ್ಲ. ಮಣಿಪುರದ ಹಿಂಸಾಚಾರದ ಕುರಿತು ಸದನದಲ್ಲೆದ್ದ ಗದ್ದಲದ ನಡುವೆ ಲೋಕಸಭೆ ಅದನ್ನು 26ರಂದೇ ಪಾಸು ಮಾಡಿತು. ಮೊರಕ್ಕೆ ಹಾಕಿದರು, ಆದರೆ ಕೇರಲಿಲ್ಲ. ಮುಂದೆ 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟೇ ಮಧ್ಯಂತರ ಆದೇಶ ಕೊಟ್ಟು, ಸದ್ಯಕ್ಕೆ 1996ರ ಅರ್ಥವನ್ನೇ ಪಾಲಿಸಿ ಎಂದಿತು. 2011ರಲ್ಲಿ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ್ದೂ ಅದೇ ನ್ಯಾಯಾಲಯ. ಶಾಸಕಾಂಗ ಮಾಡಬೇಕಾದ ತಪಾಸಣೆಯನ್ನು ನ್ಯಾಯಾಲಯ ಮಾಡುತ್ತಾ ಹೋಗುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನು, 2030ರೊಳಗೆ ಶೇ 30ರಷ್ಟು ನೆಲ ಜಲ ರಕ್ಷಿಸುವ ಗುರಿ? ಅದು 2022ರ ಮಾಂಟ್ರಿಯಲ್ ಜಾಗತಿಕ ಜೀವವೈವಿಧ್ಯ ಒಪ್ಪಂದದಿಂದ ಬಂದದ್ದು. ಭಾರತ 2024ರಲ್ಲಿ 23 ರಾಷ್ಟ್ರೀಯ ಗುರಿಗಳನ್ನು ಪ್ರಕಟಿಸಿತು. ಆದರೆ ಅದು ಕಾರ್ಯಯೋಜನೆ, ಮಸೂದೆಯಲ್ಲ. ಹಾಗಾಗಿ ಅದರ ಮೇಲೆ ಸದನದಲ್ಲಿ ಮತ ಹಾಕುವ ಪ್ರಶ್ನೆಯೇ ಬರಲಿಲ್ಲ.

ಕೊನೆಯದಾಗಿ, ನೀವೇನು ಮಾಡಬಹುದು ಎಂಬುದು. ಸಮಿತಿಗೆ ಮಸೂದೆ ಹೋದಾಗ ಪತ್ರಿಕೆಗಳಲ್ಲಿ, ಸಂಸತ್ತಿನ ಜಾಲತಾಣದಲ್ಲಿ ಜಾಹೀರಾತು ಬರುತ್ತದೆ. ಸಾಮಾನ್ಯವಾಗಿ ಎರಡು ವಾರಗಳ ಗಡುವು. ಅಭಿಪ್ರಾಯವನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೇಳುವುದೇ ರೂಢಿ. ಕುಷ್ಟಗಿಯ ಕುರಿಗಾಹಿ ತೋಳದ ಬಗ್ಗೆ ತನಗೆ ಗೊತ್ತಿರುವುದನ್ನು ಹಿಂದಿಯಲ್ಲಿ ಬರೆಯಬೇಕೆಂದರೆ ಹೇಗೆ ಎಂದು ಕೇಳುವ ಸಂಸದರು ನಮಗೆ ಬೇಕು. ಅಲ್ಲಿಯವರೆಗೆ ಬರೆಯಬಲ್ಲವರು ಬರೆದುಕೊಡಿ. ಖುದ್ದಾಗಿ ಹಾಜರಾಗಿ ಹೇಳಲು ಇಷ್ಟವಿದ್ದರೆ ಅದನ್ನೂ ಅರ್ಜಿಯಲ್ಲೇ ನಮೂದಿಸಿ. ಯಾವ ಕಲಂ, ಏನು ತಪ್ಪು, ಅದರ ಬದಲು ಏನಿರಬೇಕು: ಇಷ್ಟನ್ನು ಒಂದು ಪುಟದಲ್ಲಿ ಬರೆದರೆ ಸಾಕು. ಮಾದರಿ ಅರ್ಜಿಯನ್ನು ವಿಡಿಯೋದ ಕೆಳಗೆ ಹಾಕಿದ್ದೇನೆ.