ವೇದ, ವ್ಯೆದಾ, ವ್ಯೇದ್ಮಾ

ನಮಸ್ಕಾರ. ಚೆಕ್ ಭಾಷೆಯಲ್ಲಿ ವಿಜ್ಞಾನಕ್ಕೆ ಏನಂತಾರೆ ಗೊತ್ತಾ? ‘ವ್ಯೆದಾ’. ಇದನ್ನು ಹೇಳಿದರೆ ಸಾಕು, ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ತೀರ್ಪು ಬಂದೇಬಿಡುತ್ತದೆ: ನೋಡಿ, ಯುರೋಪಿನವರು ಸಂಸ್ಕೃತದಿಂದ ಎತ್ತಿಕೊಂಡರು! ನಾನು ಇದನ್ನು ಒಪ್ಪುವುದಿಲ್ಲ. ನಂಟು ನಿಜ. ಆದರೆ ಅದು ತಾಯಿ-ಮಗಳ ನಂಟಲ್ಲ, ಅಕ್ಕ-ತಂಗಿಯರದು.

ಚೆಕ್, ಪೋಲಿಷ್, ರಷ್ಯನ್ ಮುಂತಾದ ಸ್ಲಾವಿಕ್ ಭಾಷೆಗಳು ಕವಲೊಡೆಯುವ ಮೊದಲಿನ ಮೂಲಭಾಷೆಯಲ್ಲಿ ‘ವೇದೇತಿ’ ಅಂತ ಒಂದು ಕ್ರಿಯಾಪದ. ‘ತಿಳಿದಿರು’ ಅಂತ ಅರ್ಥ. ಆ ಭಾಷೆಯ ಬರಹ ಉಳಿದಿಲ್ಲ. ಮೊಮ್ಮಕ್ಕಳ ಮುಖ ನೋಡಿ ಅಜ್ಜಿಯ ಮುಖ ಊಹಿಸಿದ ಹಾಗೆ, ನಂತರದ ಭಾಷೆಗಳನ್ನು ಹೋಲಿಸಿ ಕಟ್ಟಿದ ರೂಪ ಅದು. ಅದಕ್ಕೇ ಅದರ ಮುಂದೆ ಒಂದು ನಕ್ಷತ್ರ (*) ಹಾಕುತ್ತಾರೆ.

ಇನ್ನೂ ಹಿಂದೆ, ಸಂಸ್ಕೃತ, ಗ್ರೀಕ್, ಸ್ಲಾವಿಕ್ ಎಲ್ಲಕ್ಕೂ ತಾಯಿಯಾದ ಭಾಷೆಗೆ ಹೋದರೆ, ಬೇರಿನ ಅರ್ಥ ‘ನೋಡು’. ನೋಡಿದ್ದೇನೆ, ಅಂದರೆ ಬಲ್ಲೆ. ಸಂಸ್ಕೃತದಲ್ಲಿ ‘ವೇದ’ ಗ್ರಂಥದ ಹೆಸರಷ್ಟೇ ಅಲ್ಲ, ‘ಬಲ್ಲೆ’ ಅನ್ನುವ ಕ್ರಿಯಾರೂಪವೂ ಹೌದು. ಪ್ರಾಚೀನ ಗ್ರೀಕಿನಲ್ಲಿ ಅದೇ ‘ಒಯ್ದ’. ಸಾಕ್ಷಿ ಇರುವುದು ಇಲ್ಲೇ. ಹಳೆಯ ‘ಒಯ್’ ಸಂಸ್ಕೃತದಲ್ಲಿ ‘ಏ’ ಆಯಿತು, ಗ್ರೀಕಿನಲ್ಲಿ ಹಾಗೇ ಉಳಿಯಿತು. ಸಂಸ್ಕೃತವೇ ತಾಯಿಯಾಗಿದ್ದರೆ, ಅವಳ ಹತ್ತಿರ ಇಲ್ಲದ ‘ಒಯ್’ ಗ್ರೀಕರಿಗೆ ಎಲ್ಲಿಂದ ಬಂತು?

ಆ ಜಗಳ ಹಾಗಿರಲಿ. ನನಗೆ ಜಾಸ್ತಿ ಇಷ್ಟ ಸ್ಲಾವಿಕ್ ‘ವೇದೇತಿ’ಯ ಮಕ್ಕಳು. ಪೋಲಿಷ್‌ನಲ್ಲಿ ‘ವ್ಯೆದ್ಜಾ’ ಅಂದರೆ ಜ್ಞಾನ. ರಷ್ಯನ್ನಿನಲ್ಲಿ ‘ವ್ಯೇದ್ಮಾ’ ಅಂದರೆ ಮಾಟಗಾತಿ. ಅಕ್ಷರಶಃ, ತಿಳಿದವಳು! ತಿಳಿದ ಹೆಂಗಸಿಗೆ ಊರು ಕೊಡುವ ಹೆಸರು ನೋಡಿ. ರಷ್ಯನ್ನರು ಈಗ ದಿನಬಳಕೆಯಲ್ಲಿ ‘ತಿಳಿ’ ಅನ್ನುವುದಕ್ಕೆ ‘ಜ್ನಾತ್’ ಅನ್ನುತ್ತಾರೆ, ಅದು ನಮ್ಮ ‘ಜ್ಞಾನ’ದ ಕಡೆಯ ನೆಂಟ. ಹಳೆಯ ‘ವ್ಯೇದತ್’ ಮೂಲೆ ಸೇರಿತು. ಆದರೂ ಅದರ ತುಣುಕೊಂದು, ‘ವ್ಯೇದ್’, ಮಾತುಮಾತಿಗೂ ನುಸುಳುತ್ತದೆ, ಥೇಟ್ ನಮ್ಮ ‘ಅಲ್ವಾ’ ಥರ. ‘ತಿ ವ್ಯೇದ್ ಜ್ನಾಯೆಶ್’ ಅಂದರೆ ‘ನಿನಗೆ ಗೊತ್ತಲ್ವಾ’. ಒಂದೇ ವಾಕ್ಯದಲ್ಲಿ ಎರಡೆರಡು ಸಲ ಗೊತ್ತು!

ಇನ್ನು ‘ಮೆದ್ವೇದ್’, ಅಂದರೆ ಕರಡಿ. ‘ಜೇನನ್ನು ಬಲ್ಲವನು’ ಅಂತ ಬಿಡಿಸುವವರಿದ್ದಾರೆ. ಕೇಳಲು ಚೆಂದ, ಆದರೆ ತಪ್ಪು. ಅವನು ಸುಮ್ನೆ ಜೇನು ತಿನ್ನುವವನು. ಮೊದಲರ್ಧ ‘ಮಧು’ವಿನ ಬಂಧು. ಕೊನೆಯದು ‘ತಿನ್ನು’, ಸಂಸ್ಕೃತದ ‘ಅದ್’ ಧಾತುವಿನ ಬಂಧು. ‘ಅನ್ನ’ ಹುಟ್ಟಿದ್ದೂ ಆ ಧಾತುವಿನಿಂದಲೇ. ಹಾಗಾಗಿ ರಷ್ಯಾದ ಮಾಜಿ ಅಧ್ಯಕ್ಷ ಮೆದ್ವೆದೆವ್ ಹೆಸರಿನಲ್ಲಿ ವೇದ ಹುಡುಕಬೇಡಿ. ಅಲ್ಲಿರುವುದು ಜೇನು ಮತ್ತು ಊಟ.