ಆರೋಗ್ಯ ಕಾರ್ಡ್ ಇದೆ ಅಂತ ಐದು ಲಕ್ಷದ ಟಾಪ್ ಅಪ್ ವಿಮೆ ತಗೋಬೇಡಿ

ನಮಸ್ಕಾರ. ಕಲಬುರಗಿಯ ಅಪ್ಪನ ಕೆರೆ ಸುತ್ತ ದಿನಾ ಬೆಳಿಗ್ಗೆ ವಾಕಿಂಗ್ ಮಾಡುವ ರಿಟೈರ್ಡ್ ಮಾಸ್ತರರಲ್ಲಿ ನಮ್ಮ ಕಾಕಾನೂ ಒಬ್ಬರು. ಹೋದ ವಾರ ಫೋನ್ ಮಾಡಿದ್ದರು. "ತಮ್ಮಾ, ಸರ್ಕಾರದ ಕಾರ್ಡ್ ಐದು ಲಕ್ಷದ್ದು ಅದ. ಅದರ ಮ್ಯಾಲ ಟಾಪ್ ಅಪ್ ಒಂದು ತಗೊಂಡ್ರ ಸಾಕಂತ. ಭಾಳ ಅಗ್ಗ ಅದ ನೋಡು." ಟಾಪ್ ಅಪ್ ಅಂದರೆ ಆಸ್ಪತ್ರೆ ಬಿಲ್ ಒಂದು ಮೊತ್ತ ದಾಟಿದ ಮೇಲಷ್ಟೇ ದುಡ್ಡು ಕೊಡುವ ಆರೋಗ್ಯ ವಿಮೆ. ಆ ಮೊತ್ತಕ್ಕೆ ಡಿಡಕ್ಟಿಬಲ್ ಅಂತಾರೆ. ಮೊದಲ 5 ಲಕ್ಷ ಕಾರ್ಡ್ ನೋಡಿಕೊಳ್ಳುತ್ತೆ, ಅದರ ಮೇಲಿನದು ಟಾಪ್ ಅಪ್ ಅಂತ ಏಜೆಂಟ್ ಲೆಕ್ಕ ಹಾಕಿ ಕೊಟ್ಟಿದ್ದನಂತೆ.

ನಾನು ಒಂದೇ ಪ್ರಶ್ನೆ ಕೇಳಿದೆ. ಕಾಕಾ, ನಿಮ್ಮ ರೇಷನ್ ಕಾರ್ಡ್ ಬಿಪಿಎಲ್ಲಾ, ಎಪಿಎಲ್ಲಾ? ಪಿಂಚಣಿ ತಗೊಳ್ಳುವ ಮಾಸ್ತರರು. ಎಪಿಎಲ್ಲೇ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ಸಿಗುವುದು ಬಿಪಿಎಲ್ ಕುಟುಂಬಕ್ಕೆ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತು ಮಾಡಿದ ದರದ, 30 ಪರ್ಸೆಂಟ್ ಮಾತ್ರ. ಅದೂ ಇಡೀ ಮನೆಗೆ ಸೇರಿ ವರ್ಷಕ್ಕೆ 1.5 ಲಕ್ಷದ ತನಕ. ಉಳಿದ 70 ಪರ್ಸೆಂಟ್ ನಮ್ಮ ಜೇಬಿನದು. ಜೊತೆಗೆ, ಎಮರ್ಜೆನ್ಸಿ ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. 70 ವರ್ಷ ತುಂಬಿದವರಿಗೆ 2024ರಲ್ಲಿ ಕೇಂದ್ರ ಘೋಷಿಸಿದ ಯೋಜನೆ ಬೇರೆ. ಅದು ನೀವು ಹೋಗುವ ಆಸ್ಪತ್ರೆಯಲ್ಲಿ ನಡೆಯುತ್ತದಾ ಅಂತ ಕೌಂಟರ್‌ನಲ್ಲೇ ಕೇಳಿ.

ಈಗ ಟಾಪ್ ಅಪ್ ಕಥೆ. ಡಿಡಕ್ಟಿಬಲ್ 5 ಲಕ್ಷ ಅಂದರೆ ಮೊದಲ 5 ಲಕ್ಷಕ್ಕೂ ಕಂಪನಿಗೂ ಸಂಬಂಧವೇ ಇಲ್ಲ. ಅದಕ್ಕೇ ಅಗ್ಗ. ನಮ್ಮ ಕಡೆ ದೊಡ್ಡ ಕಾಯಿಲೆ ಅಂದರೆ ಜನ ಸೊಲ್ಲಾಪುರದ ಗಾಡಿ ಹತ್ತುತ್ತಾರೆ, ಇಲ್ಲಾಂದ್ರೆ ಹೈದರಾಬಾದಿನದು. ಹೃದಯದ ಮಟ್ಟಿಗೆ ಆ ಓಡಾಟ ಸ್ವಲ್ಪ ಕಡಿಮೆಯಾಗಬಹುದು. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲೇ ಜಯದೇವದ 371 ಹಾಸಿಗೆಯ ಆಸ್ಪತ್ರೆ ಉದ್ಘಾಟನೆ ಆಯಿತಲ್ಲ. ಆದರೂ ಮಗ ಹೈದರಾಬಾದಿನಲ್ಲಿದ್ದರೆ ಅಪ್ಪನನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತಾನೆ, ಅಲ್ವಾ? ಅಲ್ಲಿನ ಆಸ್ಪತ್ರೆ ನಮ್ಮ ಕಾರ್ಡ್ ತಗೊಳ್ಳಲಿಲ್ಲ, ಬಿಲ್ 3.8 ಲಕ್ಷ ಆಯಿತು ಅಂದುಕೊಳ್ಳಿ. ಕಾರ್ಡೂ ನಡೆಯಲಿಲ್ಲ, ಬಿಲ್ 5 ಲಕ್ಷ ದಾಟದ್ದಕ್ಕೆ ಪಾಲಿಸಿಯೂ ಕೊಡಲಿಲ್ಲ. ಎರಡೂ ಕೈಯಲ್ಲಿದ್ದೂ ಪೂರ್ತಿ ದುಡ್ಡು ನೀವೇ ಕಟ್ಟಬೇಕು.

ನನ್ನ ಅಭಿಪ್ರಾಯ ಇಷ್ಟೇ. ಡಿಡಕ್ಟಿಬಲ್ ಆರಿಸುವಾಗ ಕಾರ್ಡ್ ನೋಡಬೇಡಿ, ಪಾಸ್‌ಬುಕ್ ನೋಡಿ. ಯಾರ ಹತ್ತಿರವೂ ಕೈ ಚಾಚದೆ ಒಂದು ವಾರದಲ್ಲಿ ಎಷ್ಟು ದುಡ್ಡು ತೆಗೆಯಬಲ್ಲಿರೋ ಅಷ್ಟಕ್ಕೇ ಡಿಡಕ್ಟಿಬಲ್ ಇರಲಿ. ತಗೊಂಡರೆ ಸೂಪರ್ ಟಾಪ್ ಅಪ್ಪೇ ತಗೊಳ್ಳಿ. ಡಿಡಕ್ಟಿಬಲ್ 5 ಲಕ್ಷ, ವರ್ಷದಲ್ಲಿ ಮೂರು ಸಲ ಅಡ್ಮಿಟ್, ಪ್ರತಿ ಸಲ ಬಿಲ್ 2 ಲಕ್ಷ ಅಂದುಕೊಳ್ಳಿ. ಸಾದಾ ಟಾಪ್ ಅಪ್ ಒಂದೊಂದು ಬಿಲ್ಲನ್ನೂ ಬೇರೆ ಬೇರೆ ನೋಡುತ್ತದೆ, ಒಂದು ಪೈಸೆ ಕೊಡುವುದಿಲ್ಲ. ಸೂಪರ್ ಟಾಪ್ ಅಪ್ ಮೂರನ್ನೂ ಕೂಡಿಸಿ 6 ಲಕ್ಷ ಅನ್ನುತ್ತದೆ, 1 ಲಕ್ಷ ಕೊಡುತ್ತದೆ.

ರೂಮ್ ಬಾಡಿಗೆಯ ಮಿತಿಯನ್ನು ಓದದೆ ಸಹಿ ಹಾಕಬೇಡಿ. ಮಿತಿ ದಿನಕ್ಕೆ 3 ಸಾವಿರ ಇದ್ದು ನೀವು 6 ಸಾವಿರದ ರೂಮ್ ತಗೊಂಡರೆ ಬಾಡಿಗೆ ಮಾತ್ರ ಅಲ್ಲ, ಡಾಕ್ಟರ್ ಫೀಸು, ಆಪರೇಷನ್ ಖರ್ಚಿನಲ್ಲೂ ಅರ್ಧ ಕತ್ತರಿಸಬಹುದು. ನಮ್ಮ ಮನೆಯಲ್ಲೇ ಒಮ್ಮೆ ಹೀಗಾಗಿ, ಡಿಸ್ಚಾರ್ಜ್ ದಿನ ಕೌಂಟರ್ ಮುಂದೆ ನಾಲ್ಕು ತಾಸು ಕೂತಿದ್ದೇವೆ.

65 ದಾಟಿದೆ, ಪಾಲಿಸಿ ಕೊಡೋದಿಲ್ಲ ಅನ್ನುವ ಭಯ ಬೇಡ. ಆ ವಯಸ್ಸಿನ ಗೆರೆಯನ್ನು ವಿಮಾ ಪ್ರಾಧಿಕಾರ 2024ರಲ್ಲೇ ತೆಗೆದಿದೆ. ಮೊದಲೇ ಇದ್ದ ಕಾಯಿಲೆಗೆ ಕ್ಲೇಮ್ ಸಿಗಲು ಕಾಯುವ ಅವಧಿಯೂ 4 ವರ್ಷದಿಂದ ಹೆಚ್ಚೆಂದರೆ 3 ವರ್ಷಕ್ಕೆ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಪ್ರೀಮಿಯಂ ಮೇಲಿನ 18 ಪರ್ಸೆಂಟ್ ಜಿಎಸ್‌ಟಿಯೂ ಹೋಯಿತು. ಆದರೂ ಈ ವಯಸ್ಸಿನಲ್ಲಿ ಪ್ರೀಮಿಯಂ ಜಾಸ್ತಿಯೇ, ಸುಳ್ಳು ಯಾಕೆ ಹೇಳಲಿ.

ಕಾಕಾ ಈಗ 2 ಲಕ್ಷ ಡಿಡಕ್ಟಿಬಲ್ ಇರುವ ಪಾಲಿಸಿ ಹುಡುಕುತ್ತಿದ್ದಾರೆ. ನಿನ್ನೆ ಮತ್ತೆ ಫೋನ್. "ತಮ್ಮಾ, ಶುಗರ್ ಇದ್ದದ್ದು ಫಾರ್ಮ್‌ನಾಗ ಬರೀಲೇಬೇಕೇನು? ಏಜೆಂಟ್ ಬ್ಯಾಡ ಅಂತಾನ."

ಬರೀರಿ ಕಾಕಾ ಅಂದೆ. ಕ್ಲೇಮ್ ರಿಜೆಕ್ಟ್ ಆದ ದಿನ ಅವನು ಫೋನ್ ಎತ್ತೋದಿಲ್ಲ.