ಗ್ರನಾಡಾದ ರಾತ್ರಿ: ಹಾಡೋದು ಯಾರು ಅಂತ ಕೇಳಿ ಒಳಗೆ ಹೋಗಿ

ಎಲ್ಲರಿಗೂ ನಮಸ್ಕಾರ. ಇದು ಸ್ಪೇನ್ ದೇಶದ ದಕ್ಷಿಣದಲ್ಲಿರೋ ಗ್ರನಾಡಾ. ಇವತ್ತು ನಾವು ಕೇಳೋಕೆ ಹೊರಟಿರೋದು ಇಲ್ಲಿನ ಫ್ಲಮೆಂಕೊ, ಅಂದ್ರೆ ಹಾಡು, ಗಿಟಾರ್, ನೃತ್ಯ ಸೇರಿದ ಕಲೆ. ಈಗ ಸ್ಕ್ರೀನ್ ಮೇಲೆ ಕಾಣ್ತಿರೋದು ರಾತ್ರಿ ಒಂಬತ್ತೂವರೆಯ ಬೆಳಕು. ಜೂನ್ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗೋದೇ ಅಷ್ಟು ತಡ. ಮಧ್ಯಾಹ್ನದ ಬಿಸಿಲಿಗೆ ಬಾಗಿಲು ಹಾಕ್ಕೊಂಡಿದ್ದ ಊರು ಈಗ ಬೀದಿಗಿಳಿದಿದೆ. ಅಜ್ಜಿಯರು, ಪುಟ್ಟ ಮಕ್ಕಳು, ಗಿಟಾರ್ ಬೆನ್ನಿಗೆ ಹಾಕ್ಕೊಂಡ ಹುಡುಗ ಹುಡುಗಿಯರು, ಎಲ್ಲರೂ ಹೊರಗೇ ಇದ್ದಾರೆ. 1531ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇರೋ ಊರು, ವಿದ್ಯಾರ್ಥಿಗಳಿಗೇನು ಬರ ಇಲ್ಲ.

ಊಟದ ವಿಷಯ ಬೇಗ ಹೇಳಿ ಮುಗಿಸ್ತೀನಿ. ಗ್ರನಾಡಾದಲ್ಲಿ ಒಂದು ಗ್ಲಾಸ್ ಬಿಯರೋ ವೈನೋ ತಗೊಂಡ್ರೆ ಜೊತೆಗೆ ಒಂದು ತಟ್ಟೆ ತಿಂಡಿ ಪುಕ್ಕಟೆ ಬರುತ್ತೆ, ಅದೇ ತಾಪಾ. ಮದ್ಯ ಕುಡಿಯದವರು ಜ್ಯೂಸ್ ಹೇಳಿದ್ರೂ ಸಾಮಾನ್ಯವಾಗಿ ಕೊಡ್ತಾರೆ. ಸಸ್ಯಾಹಾರಿಗಳು ಮೊದಲೇ ಹೇಳ್ಬಿಡಿ, ಇಲ್ಲಾಂದ್ರೆ ಹಂದಿಮಾಂಸ ಬರೋದು ಗ್ಯಾರಂಟಿ. ನಾನು ಹೇಳೋದಾದ್ರೆ, ಹಿಟ್ಟಲ್ಲಿ ಅದ್ದಿ ಕರಿದ ಬದನೆಕಾಯಿ ಹೋಳು ಕೇಳಿ. ಮೇಲೆ ಕಪ್ಪಗಿನ ಕಬ್ಬಿನ ಪಾಕ ಸುರೀತಾರೆ. ಬಾಯಿಗಿಟ್ರೆ ನಮ್ಮ ಜೋನಿಬೆಲ್ಲವೇ. ಈ ಪ್ರಾಂತ್ಯದ ಕಡಲತೀರದಲ್ಲಿ ಶತಮಾನಗಳ ಕಾಲ ಕಬ್ಬು ಬೆಳೀತಿದ್ರು, ಆ ರುಚಿ ಇನ್ನೂ ಉಳ್ಕೊಂಡಿದೆ. ತಿಂದಾಯ್ತಾ? ಬನ್ನಿ, ಬೆಟ್ಟ ಹತ್ತೋಣ.

ಪ್ಲಾಸಾ ನುಯೇವಾ ಚೌಕದಿಂದ ದಾರ್ರೋ ಅನ್ನೋ ಸಣ್ಣ ನದಿಯ ಪಕ್ಕದಲ್ಲೇ ಈ ದಾರಿ ಹೋಗುತ್ತೆ. ಬಲಗಡೆ ತಲೆ ಎತ್ತಿದ್ರೆ ಅಲ್‌ಹಂಬ್ರಾ ಅರಮನೆ, ಎಡಗಡೆ ಅಲ್ಬೈಸಿನ್, ಹಿಂದೆ ಇಲ್ಲಿ ಆಳಿದ ಮುಸ್ಲಿಮರ ಕಾಲದ ಹಳೇ ಬಡಾವಣೆ. ಇನ್ನೂ ಮೇಲೆ ಹೋದ್ರೆ ಸಾಕ್ರೊಮೊಂಟೆ. ಗುಡ್ಡ ಕೊರೆದು ಮಾಡಿದ ಗುಹೆಮನೆಗಳು ಇಲ್ಲಿವೆ. ಹಿತಾನೋ ಜನ, ಅಂದ್ರೆ ಸ್ಪೇನ್‌ನ ರೋಮಾ ಸಮುದಾಯ, ತಲೆಮಾರುಗಳ ಕಾಲ ಇಲ್ಲೇ ಬದುಕಿದ್ದು. ಅವರ ಮದುವೆಯ ಹಾಡು ಕುಣಿತಗಳಿಂದ ಬೆಳೆದ ಸಾಂಬ್ರಾ ಅನ್ನೋ ಫ್ಲಮೆಂಕೊ ಪ್ರಕಾರವನ್ನ ಇವತ್ತಿಗೂ ಈ ಗುಹೆಗಳಲ್ಲಿ ನೋಡಬಹುದು.

ಒಳಗೆ ಹೇಗಿರುತ್ತೆ ನೋಡಿ. ಸುಣ್ಣ ಬಳಿದ ಕಮಾನು ಚಾವಣಿ, ಗೋಡೆ ತುಂಬ ತೂಗುಹಾಕಿದ ತಾಮ್ರದ ಪಾತ್ರೆಗಳು. ವೇದಿಕೆ ಅಂತ ಬೇರೆ ಇಲ್ಲ. ಉದ್ದಕ್ಕೂ ಎರಡು ಗೋಡೆಗೆ ಒತ್ತಿ ಕುರ್ಚಿ ಹಾಕಿದ್ದಾರೆ, ನಡುವೆ ಉಳಿದಿರೋ ಓಣಿಯಷ್ಟು ಜಾಗದಲ್ಲೇ ನೃತ್ಯ. ನರ್ತಕಿಯ ಲಂಗದ ಅಂಚು ನಿಮ್ಮ ಮೊಣಕಾಲಿಗೆ ಸವರಿ ಹೋಗುತ್ತೆ. ಅವಳ ಹಿಮ್ಮಡಿ ನೆಲಕ್ಕೆ ಬಿದ್ದಾಗ ಆ ಪೆಟ್ಟು ನಿಮ್ಮ ಕುರ್ಚಿಯ ಕಾಲಿನಿಂದ ಮೈಗೇರುತ್ತೆ.

ಆದ್ರೆ ಈ ಗುಹೆಗಳ ಬಗ್ಗೆ ಒಂದು ಮಾತು ಗೊತ್ತಿರಬೇಕು. 1963ರ ಆರಂಭದಲ್ಲಿ ಇಲ್ಲಿ ಭಾರಿ ಮಳೆ ಬಂತು, ಗುಹೆಗಳು ಕುಸಿದ್ವು. ಇಲ್ಲಿನ ಕುಟುಂಬಗಳನ್ನ ತೆರವು ಮಾಡಿಸಿ ಊರಿನ ಅಂಚಿಗೆ ಸಾಗಿಸಿದ್ರು. ಬಹಳಷ್ಟು ಜನ ಮತ್ತೆ ವಾಪಸ್ ಬರಲೇ ಇಲ್ಲ. ಹಾಗಾಗಿ ನಾವು ಟಿಕೆಟ್ ತಗೊಂಡು ಕೂರೋ ಜಾಗ ಒಂದು ಕಾಲಕ್ಕೆ ಯಾರದೋ ಅಡುಗೆಮನೆ, ಯಾರೋ ಮಕ್ಕಳು ಮಲಗ್ತಿದ್ದ ಕೋಣೆ. ಒಂದು ಗುಹೆಯಲ್ಲಿ, ಹೆಸರು ಬೇಡ, ಹಾಡುಗಾರ ಕೊನೆಯ ಹಾಡು ಎತ್ತಿಕೊಂಡ ಹೊತ್ತಿಗೆ ಅರ್ಧ ಜನ ಎದ್ದು ಹೋದ್ರು. ಹೊರಗೆ ಅವರ ಟೂರಿಸ್ಟ್ ವ್ಯಾನ್ ಕಾಯ್ತಿತ್ತು. ನನಗೆ ತುಂಬಾ ಬೇಜಾರಾಯ್ತು. ಆ ಮನುಷ್ಯ ಕಣ್ಣು ಮುಚ್ಚಿ ಹಾಡ್ತಾನೇ ಇದ್ದ.

ಕಾಮೆಂಟಲ್ಲಿ ಕೆಲವರು ಬರೀತೀರ, ಫ್ಲಮೆಂಕೊ ನಮ್ಮ ಇಂಡಿಯಾದ್ದೇ ಅಂತ. ರೋಮಾ ಜನರ ಮೂಲ ವಾಯವ್ಯ ಭಾರತ ಅನ್ನೋದು ನಿಜ, ಅವರ ಭಾಷೆಯೇ ಅದಕ್ಕೆ ಸಾಕ್ಷಿ. ಅವರು ಸ್ಪೇನ್‌ಗೆ ಬಂದ ಮೊದಲ ದಾಖಲೆ 1425ರದ್ದು. ಆದ್ರೆ ಫ್ಲಮೆಂಕೊ ಹುಟ್ಟಿದ್ದು ಇಲ್ಲೇ, ಈ ಆಂಡಲೂಸಿಯಾದ ಮಣ್ಣಲ್ಲಿ, ಇಲ್ಲಿನ ಬಡತನದಲ್ಲಿ, ಹಲವು ಜನಗಳ ಹಾಡು ಒಂದಕ್ಕೊಂದು ಬೆರೆತು. ಅದನ್ನ ಅವರದ್ದು ಅಂತ ಒಪ್ಪಿಕೊಂಡೇ ಪ್ರೀತಿಸೋಣ.

ನಮ್ಮ ಕಿವಿಗೆ ಮಾತ್ರ ಒಂದು ಅನುಕೂಲ ಇದೆ, ಅದು ಲೆಕ್ಕ. ಬುಲೇರಿಯಾ, ಸೊಲೆಯಾ ಮುಂತಾದ ಫ್ಲಮೆಂಕೊ ಪ್ರಕಾರಗಳದ್ದು ಹನ್ನೆರಡು ಮಾತ್ರೆಯ ಆವರ್ತ. 12ರಿಂದ ಎಣಿಸೋಕೆ ಶುರು ಮಾಡಿದ್ರೆ ಒತ್ತು ಬೀಳೋದು 12, 3, 6, 8, 10ರ ಮೇಲೆ. ಬಾಯಲ್ಲಿ ಹೇಳಿಕೊಳ್ಳಿ: ತಕಿಟ ತಕಿಟ ತಕ ತಕ ತಕ. ಅಷ್ಟೇ! ಮೃದಂಗದ ಪಾಠ ಕೇಳಿಸಿಕೊಂಡು ಬೆಳೆದವರಿಗೆ ಐದು ನಿಮಿಷ ಸಾಕು. ಆಮೇಲೆ ಚಪ್ಪಾಳೆ ಹಾಕೋರ ಕೈ ನೋಡಿ. ನೃತ್ಯ ಜೋರಾದಾಗ ಬೆರಳುಗಳಿಂದ ಅಂಗೈಗೆ ಹೊಡೆದು ಚಟ್ ಅನ್ನೋ ಸದ್ದು ತೆಗೀತಾರೆ. ಹಾಡುಗಾರ ಬಾಯಿ ತೆಗೆದ ಕೂಡಲೇ ಎರಡೂ ಅಂಗೈಯನ್ನ ಬಟ್ಟಲ ಥರ ಮಾಡಿ ಮೆತ್ತಗೆ ತಟ್ತಾರೆ. ಸದ್ದು ತಗ್ಗುತ್ತೆ, ಲೆಕ್ಕ ಮಾತ್ರ ಒಂದು ಕೂದಲೂ ಆಚೀಚೆ ಆಗಲ್ಲ. ಯಾರೂ ಸನ್ನೆ ಮಾಡಲ್ಲ, ಕಣ್ಣೂ ಎತ್ತಲ್ಲ. ನಾನು ಅವರ ಕೈಗಳನ್ನೇ ನೋಡ್ತಾ ಕೂತಿದ್ದೆ.

ಈಗ ಅಲ್ಬೈಸಿನ್ ಗಲ್ಲಿಗಳಿಗೆ ಇಳಿದ್ವಿ. ಇಲ್ಲಿ ಪೇನ್ಯಾ ಲಾ ಪ್ಲತೇರಿಯಾ ಇದೆ. ಪೇನ್ಯಾ ಅಂದ್ರೆ ಫ್ಲಮೆಂಕೊ ರಸಿಕರು ತಾವೇ ಸೇರಿ ನಡೆಸೋ ಸಂಘ. ಇದು 1949ರಿಂದ ಇದೆ, ಸ್ಪೇನ್‌ನ ಅತ್ಯಂತ ಹಳೇ ಪೇನ್ಯಾ ಅಂತ ಹೆಸರಾಗಿದೆ. ಮೊದಲು ಒಬ್ಬ ಬೆಳ್ಳಿ ಕೆಲಸಗಾರರ ಅಂಗಡಿಯಲ್ಲಿ ಗೆಳೆಯರು ಸೇರ್ತಿದ್ರು, ಹೆಸರು ಬಂದಿದ್ದೂ ಅಲ್ಲಿಂದಲೇ. ಸದಸ್ಯರಲ್ಲದವರಿಗೂ ಟಿಕೆಟ್ ಸಿಗೋ ಸಂಜೆಗಳಿರುತ್ತೆ.

ಇಲ್ಲಿಂದ ಮುಂದೆ ನನ್ನ ಹತ್ರ ವಿಡಿಯೋ ಇಲ್ಲ. ಕ್ಯಾಮೆರಾ ಬ್ಯಾಗಲ್ಲೇ ಇಟ್ಟುಬಿಟ್ಟೆ. ಸುತ್ತ ಕೂತಿರೋ ಹಿರಿಯರು ಅಷ್ಟು ಗಮನ ಕೊಟ್ಟು ಕೇಳುವಾಗ ಮುಖದ ಮುಂದೆ ಫೋನ್ ಎತ್ತೋಕೆ ಮನಸ್ಸು ಬರಲ್ಲ. ಗ್ಲಾಸ್ ಕೂಡ ಹುಷಾರಾಗಿ ಕೆಳಗಿಡ್ತಾರೆ. ಹಾಡಿದ್ದು ಐವತ್ತು ದಾಟಿದ ಹೆಂಗಸು, ಹುಲ್ಲು ಹೆಣೆದ ಕುರ್ಚಿಯಲ್ಲಿ ಕೂತು. ಪಕ್ಕದಲ್ಲಿ ಒಂದೇ ಗಿಟಾರ್, ನೃತ್ಯ ಇಲ್ಲವೇ ಇಲ್ಲ. ಒಂದು ಸಾಲಿನ ಕೊನೆಯ ಸ್ವರವನ್ನ ಅವರು ಎಳೆದು, ಮುರಿದು, ಮತ್ತೆ ಎತ್ತಿದಾಗ ನನ್ನ ಪಕ್ಕದ ಅಜ್ಜ ಸಣ್ಣ ದನಿಯಲ್ಲಿ "ಒಲೇ" ಅಂದ್ರು. ಸರಿಯಾದ ಜಾಗದಲ್ಲಿ, ಒಂದೇ ಸಲ. ಕಛೇರಿಯಲ್ಲಿ ನಮ್ಮ ಹಿರಿಯರು ಭೇಷ್ ಅನ್ನೋದೂ ಹೀಗೇ ಅಲ್ವಾ, ಬಾಯಿಗೆ ಬಂದಾಗೆಲ್ಲ ಅನ್ನಲ್ಲ.

ಫ್ಲಮೆಂಕೊದಲ್ಲಿ ಮೊದಲ ಸ್ಥಾನ ಹಾಡಿಗೆ. ಆಮೇಲೆ ಗಿಟಾರ್, ನೃತ್ಯ. ಪ್ರವಾಸಿಗಳಿಗೆ ಇದು ತಲೆಕೆಳಗಾಗಿ ಕಾಣುತ್ತೆ, ಯಾಕಂದ್ರೆ ಪೋಸ್ಟರ್ ತುಂಬ ಕೆಂಪು ಲಂಗವೇ. ನೂರು ವರ್ಷದ ಹಿಂದೆಯೇ ಈ ಊರಿಗೆ ಇದೇ ಚಿಂತೆ ಇತ್ತು. 1922ರ ಜೂನ್‌ನಲ್ಲಿ ಸಂಗೀತಗಾರ ಮಾನುಯೆಲ್ ದೆ ಫಾಯಾ, ಆಗಷ್ಟೇ 24 ತುಂಬಿದ್ದ ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾ ಮತ್ತು ಗೆಳೆಯರು ಅಲ್‌ಹಂಬ್ರಾದ ಅಂಗಳದಲ್ಲೇ ಹಾಡಿನ ಸ್ಪರ್ಧೆ ಇಟ್ಟರು. ಹಳೇ ಹಾಡು ಅಂಗಡಿ ಸರಕಾಗಿ ಹಾಳಾಗಬಾರದು ಅಂತ. ವೃತ್ತಿಪರರಿಗೆ ಪ್ರವೇಶ ಇರಲಿಲ್ಲ. ಬಹುಮಾನ ಪಡೆದವರಲ್ಲಿ ಒಬ್ಬರು ಎಲ್ ತೆನಾಸಾಸ್ ಅನ್ನೋ ವೃದ್ಧರು, ಇನ್ನೊಬ್ಬ ಪುಟ್ಟ ಹುಡುಗ. ಆ ಹುಡುಗನೇ ಮುಂದೆ ದೊಡ್ಡ ಹೆಸರು ಮಾಡಿದ ಮಾನೊಲೊ ಕರಕೋಲ್.

ಹಾಗಂತ ಗ್ರನಾಡಾ ಹಳೇದನ್ನ ಮಾತ್ರ ಅಪ್ಪಿಕೊಂಡು ಕೂತಿಲ್ಲ. ಮಧ್ಯರಾತ್ರಿ ದಾಟಿದ ಮೇಲೆ ಕೆಳಗಿನ ಪೇಟೆಗೆ ಬನ್ನಿ. ಪ್ಲಾಂತಾ ಬಾಹಾ ಅನ್ನೋ ಕ್ಲಬ್ 1980ರ ದಶಕದಿಂದ ಹೊಸ ಬ್ಯಾಂಡ್‌ಗಳಿಗೆ ಜಾಗ ಕೊಡ್ತಾ ಬಂದಿದೆ. ಸ್ಪೇನ್‌ನ ಇಂಡೀ ರಾಕ್ ಸಂಗೀತದ ದೊಡ್ಡ ಹೆಸರು ಲೋಸ್ ಪ್ಲಾನೆತಾಸ್ ಅನ್ನೋ ತಂಡ ಇದೇ ಊರಿನದು. ಬ್ರಿಟನ್‌ನ ದಿ ಕ್ಲ್ಯಾಶ್ ಅನ್ನೋ ರಾಕ್ ತಂಡದ ಜೋ ಸ್ಟ್ರಮರ್ ಇಲ್ಲಿಗೆ ಬಂದಿದ್ರು, ಇಲ್ಲಿನ 091 ಅನ್ನೋ ರಾಕ್ ತಂಡದ ಒಂದು ಆಲ್ಬಂನ ನಿರ್ಮಾಪಕರೂ ಆದ್ರು. 2013ರಲ್ಲಿ ಊರಿನವರು ಒಂದು ಚೌಕಕ್ಕೆ ಅವರ ಹೆಸರಿಟ್ಟರು.

ಈ ಎರಡು ಲೋಕವನ್ನ ಒಂದು ಮಾಡಿದವರು ಅಲ್ಬೈಸಿನ್‌ನಲ್ಲೇ 1942ರಲ್ಲಿ ಹುಟ್ಟಿದ ಫ್ಲಮೆಂಕೊ ಹಾಡುಗಾರ ಎನ್ರಿಕೆ ಮೊರೆಂತೆ. ಹಳೇ ಹಾಡನ್ನ ಆಳವಾಗಿ ಕಲಿತವರು. 1996ರಲ್ಲಿ ಲಗಾರ್ತಿಹಾ ನಿಕ್ ಅನ್ನೋ ಗ್ರನಾಡಾದ ರಾಕ್ ತಂಡದ ಜೊತೆ ಸೇರಿ ಲೋರ್ಕಾ ಕವಿತೆಗಳನ್ನ ಹಾಡಿದ್ರು. ಶುದ್ಧ ಫ್ಲಮೆಂಕೊದವರು ಸಿಟ್ಟಾದ್ರು. ನನ್ನ ಪ್ರಕಾರ ಅದಕ್ಕಿಂತ ಧೈರ್ಯದ ಕೆಲಸ ಈ ಊರಲ್ಲಿ ಆಗಿಲ್ಲ, ಯಾಕಂದ್ರೆ ಅವರು ಪರಂಪರೆ ಗೊತ್ತಿದ್ದೇ ಅದನ್ನ ಮುಟ್ಟಿದ್ದು.

ನೀವು ಹೋಗೋದಾದ್ರೆ ಟಿಕೆಟ್‌ಗೆ ಮುಂಚೆ ಒಂದೇ ಪ್ರಶ್ನೆ ಕೇಳಿ: ಇವತ್ತು ಹಾಡೋದು ಯಾರು? ಥಟ್ಟನೆ ಹೆಸರು ಹೇಳಿದ್ರೆ ಒಳಗೆ ಹೋಗಿ. ಊಟ, ವೈನ್, ಬಸ್ ಎಲ್ಲ ಸೇರಿದೆ ಅಂತ ಶುರು ಮಾಡಿದ್ರೆ ಮುಂದಿನ ಬಾಗಿಲು ನೋಡಿ. ತಾಳ ಗೊತ್ತಾಗೋವರೆಗೆ ಚಪ್ಪಾಳೆ ಸೇರಿಸಬೇಡಿ. ವಾಪಸ್ ಬರುವಾಗ ಗಲ್ಲಿಗಳಲ್ಲಿ ದನಿ ತಗ್ಗಿಸಿ, ಆ ಕಿಟಕಿಗಳ ಹಿಂದೆ ಬೆಳಗ್ಗೆ ಕೆಲಸಕ್ಕೆ ಹೋಗೋ ಜನ ಮಲಗಿರ್ತಾರೆ.